ಗೋಡೆಯ ಗೊಂಬೆಗಳು, ಅಪ್ಪನ ಮೀಸೆ

ನನ್ನ ಮಗಳಿಗೆ ನನ್ನ ಅಪ್ಪ ಅಂದರೆ ಆಗುತ್ತಿರಲಿಲ್ಲ. ದೂರದಿಂದ ಕಂಡರೆ ಏನೂ ಇಲ್ಲ, ನಗುತ್ತಿದ್ದಳು, ಕೈ ಚಾಚುತ್ತಿದ್ದಳು. ಅಪ್ಪ ಎತ್ತಿ ಎದೆಗೆ ಒತ್ತಿಕೊಂಡನೋ, ಮುಗಿಯಿತು. ಮುಖ ಕಿವುಚಿ, ಕಣ್ಣು ತಿಕ್ಕಿಕೊಂಡು, ಉಸಿರು ಕಟ್ಟುವ ಹಾಗೆ ಅಳು. ಎರಡು ವರ್ಷ ತುಂಬದ ಕೂಸು. ಅದಕ್ಕೆ ಬರುತ್ತಿದ್ದ ನಾಲ್ಕಾರು ಮಾತಿನಲ್ಲಿ ‘ಒಲ್ಲೆ’ ಒಂದು. ಅದನ್ನು ಅಪ್ಪನ ಮುಖಕ್ಕೇ ಹೇಳುತ್ತಿದ್ದಳು.

ಅಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿಯೊಂದರಲ್ಲಿ ತೂಕ ಮಾಡುವ ಕೆಲಸದಲ್ಲಿದ್ದ. ನನ್ನನ್ನು ರಾಣೇಬೆನ್ನೂರಿಗೆ ಕೊಟ್ಟಿದ್ದರು. ಅವ್ವ ತೀರಿಹೋದ ಮೇಲೆ ಅಪ್ಪನಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಅಂಗಡಿ ಕೆಲಸ ಲಗೂ ಮುಗಿದ ದಿನ ಹಾಗೇ ಬಸ್ಸು ಹತ್ತಿ ಮೊಮ್ಮಗಳನ್ನು ನೋಡಲು ಬರುತ್ತಿದ್ದ. ಅಳಿಸಿ, ಪೆಚ್ಚಾಗಿ, ಚಹಾ ಕುಡಿದು ಹೋಗುತ್ತಿದ್ದ.

“ಮೀಸಿ ನೋಡಿ ಅಂಜತೈತಿ ಕೂಸು,” ಎಂದರು ನನ್ನ ಅತ್ತೆ ಒಮ್ಮೆ. ಮಾತಿಗೆ ಅಂದದ್ದು. ಮುಂದಿನ ಸಲ ಅಪ್ಪ ಮೀಸೆ ಬೋಳಿಸಿಕೊಂಡೇ ಬಂದ! ನಮ್ಮ ಕಡೆ ಗಂಡಸರು ಮೀಸೆ ತೆಗೆಯುವುದು ಮನೆಯಲ್ಲಿ ಹಿರಿಯರು ಸತ್ತಾಗ. ಬಸ್‌ಸ್ಟ್ಯಾಂಡಿನಲ್ಲಿ ಕಂಡವರೆಲ್ಲ ಯಾರು ಹೋದರು ಎಂದು ಕೇಳಿದರಂತೆ. “ಯಾರೂ ಇಲ್ರೀ, ಮೊಮ್ಮಗಳ ಸಲುವಾಗಿ” ಎಂದು ಹೇಳಿ ಹೇಳಿ ಸಾಕಾಯಿತಂತೆ. ಅಷ್ಟು ಮಾಡಿದರೂ ಅವಳು ಅತ್ತಳು. ಹೊಸ ಮುಖ ಎಂದು ಇನ್ನಷ್ಟು ಅತ್ತಳೋ ಏನೋ, ತಿಳಿಯಲಿಲ್ಲ.

“ಈಕಿಗೆ ನಾ ಬ್ಯಾಡಾಗೇನಿ ಬಿಡವಾ,” ಎಂದ ಅಪ್ಪ. ಆಮೇಲೆ ಎತ್ತಿಕೊಳ್ಳುವುದನ್ನೇ ಬಿಟ್ಟ. ಹೊಸ್ತಿಲ ಹತ್ತಿರ ಕೂತು ಅವಳು ಆಡುವುದನ್ನು ನೋಡುತ್ತಿದ್ದ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನನ್ನ ಅಪ್ಪ ಯಾಕೆ ಬೇಡವಾದ?

ಇದರ ನಡುವೆಯೇ ನನಗೆ ಕೋಣೆಯ ಹುಚ್ಚು ಹತ್ತಿತ್ತು. ಹಾವೇರಿಯಲ್ಲಿ ಡಾಕ್ಟರೊಬ್ಬರ ಮನೆಗೆ ಗಂಡನ ಕಡೆಯವರ ಲಗ್ನಪತ್ರಿಕೆ ಕೊಡಲು ಹೋದಾಗ ಅವರ ಮಗುವಿಗೆಂದೇ ಒಂದು ಕೋಣೆ ಇರುವುದನ್ನು ಕಂಡೆ. ಗೋಡೆ ತುಂಬ ಬಣ್ಣಬಣ್ಣದ ಪ್ರಾಣಿಗಳು. ನಮ್ಮ ಹಿತ್ತಲ ಕಡೆ ಕಟ್ಟಿಗೆ ಒಟ್ಟುವ ಸಣ್ಣ ಖೋಲಿ ಇತ್ತು. ಅದನ್ನು ತೆರವು ಮಾಡಿ ಸುಣ್ಣ ಹೊಡೆಸಿದೆ. ಅತ್ತೆ “ಕೂಸಿಗೆ ಖೋಲಿ ಅಂತ, ನಮಗ ಇಲ್ಲದ್ದು” ಎಂದು ನಕ್ಕರು, ಆದರೆ ಬೇಡ ಅನ್ನಲಿಲ್ಲ. ಗೋಡೆಗೆ ಹಾಕಲು ಮಾತ್ರ ಏನೂ ಇರಲಿಲ್ಲ. ಆಗ ತವರುಮನೆಯ ಅಟ್ಟದ ಮೇಲಿನ ನನ್ನ ಹಳೆಯ ಆಟಿಗೆ ಸಾಮಾನು ತಂದುಕೊಡು ಎಂದು ಅಪ್ಪನಿಗೆ ಹೇಳಿದೆ. ಅಪ್ಪನನ್ನು ಅವಳು ಒಲ್ಲೆ ಅಂದರೂ ಅಪ್ಪ ತಂದುಕೊಟ್ಟ ಗೊಂಬೆಗಳನ್ನಾದರೂ ಒಪ್ಪಲಿ ಎಂಬ ಆಸೆ.

ಒಂದು ಚೀಲದ ತುಂಬ ಬಂದವು. ಕಾಲು ಮುರಿದ ಕಟ್ಟಿಗೆಯ ಕುದುರೆ, ಅವ್ವ ಹೊಲಿದ ಅರಿವೆ ಗೊಂಬೆಗಳು, ತಗಡಿನ ಬಸ್ಸು, ಬುಗುರಿಗಳು. ಕುದುರೆಯನ್ನು ಬೆನ್ನು ಗೋಡೆಗೆ ತಾಗುವ ಹಾಗೆ ಮೊಳೆ ಹೊಡೆದು ಕೂರಿಸಿದೆ, ಉಳಿದ ಮೂರು ಕಾಲುಗಳಿಗೆ ಅವಳ ಫ್ರಾಕು ತೂಗುಹಾಕಿದೆ. ಬುಗುರಿಗಳಿಗೆ ಬಣ್ಣ ಹಚ್ಚಿ ಬಾಗಿಲಿಗೆ ತೋರಣ ಕಟ್ಟಿದೆ. ತಂದ ಚೀಲವನ್ನೂ ಬಿಡಲಿಲ್ಲ. ಚೆನ್ನಾಗಿ ಝಾಡಿಸಿ, ಬಿಚ್ಚಿ, ಅದರ ಮೇಲೆ ಅರಿವೆ ಗೊಂಬೆಗಳನ್ನೆಲ್ಲ ಸಾಲಾಗಿ ಹೊಲಿದು, ತಗಡಿನ ಬಸ್ಸನ್ನು ನಡುವೆ ಕಟ್ಟಿ, ಹಾಸಿಗೆಯ ಮೇಲಿನ ಗೋಡೆಗೆ ತೂಗುಬಿಟ್ಟೆ. ಗೊಂಬೆಗಳೆಲ್ಲ ಬಸ್ಸಿಗೆ ಕಾಯುತ್ತ ನಿಂತ ಹಾಗೆ ಕಾಣುತ್ತಿತ್ತು. ನನ್ನ ಕೈಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಮಗಳನ್ನು ಮಧ್ಯಾಹ್ನ ಅಲ್ಲಿ ಮಲಗಿಸಿದೆ. ಗೊಂಬೆ ನೋಡಿ ಕೇಕೆ ಹಾಕಿದಳು. ಸ್ವಲ್ಪ ಹೊತ್ತಿಗೆ ಅದೇ ಕಿವುಚಿದ ಮುಖ, ಅದೇ ಕಣ್ಣು ತಿಕ್ಕುವುದು, ಅದೇ ‘ಒಲ್ಲೆ’. ಪಡಸಾಲೆಗೆ ತಂದರೆ ಸುಮ್ಮನೆ. ಮತ್ತೆ ಒಳಗೆ ಒಯ್ದರೆ ಅಳು. ಸುಣ್ಣದ ವಾಸನೆ ಇರಬೇಕು ಎಂದು ಕಿಟಕಿ ತೆಗೆದಿಟ್ಟೆ. ನನ್ನ ಗಂಡ ಅಲ್ಲಿಗೆ ಬಂದಾಗಲೆಲ್ಲ ಸೀನುತ್ತಿದ್ದರು, ಅವರು ತಾವು ಕೆಲಸ ಮಾಡುವ ಬೀಜದಂಗಡಿಯ ಪುಡಿಯಿಂದ ಎಲ್ಲಿ ಹೋದರೂ ಸೀನುವವರೇ. ಕೋಣೆ ತಪ್ಪೋ, ಗೊಂಬೆ ತಪ್ಪೋ, ನಾನೇ ತಪ್ಪೋ, ತಲೆ ಕೆಟ್ಟುಹೋಯಿತು. ಅಪ್ಪನೂ ಬೇಡ, ಅಪ್ಪ ಕೊಟ್ಟದ್ದೂ ಬೇಡ ಎಂದರೆ ಏನು ಅರ್ಥ?

“ನೆದರ ಆಗೈತಿ,” ಎಂದರು ಅತ್ತೆ. “ನಿನ್ನ ತವರುಮನಿ ಸಾಮಾನಿಗೆ ಯಾರ ಕಣ್ಣು ಬಿದ್ದೈತೋ. ಇವತ್ತ ನೆದರ ತಗೀತೇನಿ. ಘಾಟು ಬರಲಿಲ್ಲಂದ್ರ ಭಾಳ ಜೋರ ಐತಿ ಅಂತ ತಿಳ್ಕೊ, ಇವನ್ನೆಲ್ಲಾ ಬಚ್ಚಲ ಒಲಿಗಿ ಹಾಕೂದ.”

ನೆದರು ಇದ್ದರೆ ಬೆಂಕಿಗೆ ಹಾಕಿದ ಮೆಣಸಿನಕಾಯಿ ಘಾಟು ಹೊಡೆಯುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಮುಸ್ಸಂಜೆಗೆ ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ಕೂಸಿಗೆ ನಿವಾಳಿಸಿ ಇಳಿ ತೆಗೆದು, ಒಲೆಗೆ ಹಾಕಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾನು ಮಗಳನ್ನು ಎತ್ತಿಕೊಂಡು ಒಲೆಯ ಮುಂದೆ ನಿಂತೆ. ಮೂಗು ಮುಂದೆ ಮಾಡಿ ನೋಡಿದೆ. ಏನೂ ಇಲ್ಲ. ನಮ್ಮ ಬ್ಯಾಡಗಿಯ ಓಣಿಯಲ್ಲಿ ಬರುವಂಥ ಒಂದು ಬೆಚ್ಚನೆ ವಾಸನೆ, ಅಷ್ಟೇ. ಅದನ್ನು ಯಾರಾದರೂ ಘಾಟು ಅನ್ನುತ್ತಾರೆಯೇ? ನನ್ನ ಗೊಂಬೆಗಳು ಒಲೆಯಲ್ಲಿ ಉರಿಯುವುದು ಕಣ್ಣ ಮುಂದೆ ಬಂದು ಅಳು ಒತ್ತಿಬಂತು.

“ಘಾಟು ಇಲ್ರೀ ಅತ್ತಿ,” ಎಂದು ಕೂಗಿದೆ.

ಪಡಸಾಲೆಯಿಂದ ನನ್ನ ಗಂಡ ಕೆಮ್ಮುತ್ತ ಎದ್ದು ಬಂದರು. “ಏನ ಹಚ್ಚೀರಿ? ಜೀವ ಹೋತು!”

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಕಣ್ಣಲ್ಲಿ ನೀರು. “ಘಾಟಿಲ್ಲಂತ! ಮೂಗ ಐತೋ ಇಲ್ಲೋ ನಿನಗ?”

ನಾನು ತಿರುಗಿ ಮಗಳನ್ನು ನೋಡಿದೆ. ಅದೇ ಕಿವುಚಿದ ಮುಖ. ಎರಡೂ ಮುಷ್ಟಿಯಿಂದ ಕಣ್ಣು ತಿಕ್ಕಿಕೊಳ್ಳುತ್ತಿದ್ದಳು. ಅಪ್ಪನ ಎದೆಯ ಮೇಲೆ ಮಾಡುತ್ತಿದ್ದದ್ದು ಇದೇ ಅಲ್ಲವೇ!

ಅತ್ತೆ ಕೋಣೆಗೆ ಹೋಗಿ ಗೋಡೆಯ ಚೀಲವನ್ನು ಮೂಗಿಗೆ ಹಿಡಿದರು, ಸೀನಿದರು, ಮತ್ತೆ ಸೀನಿದರು. “ಅಯ್ಯ ನಿನ್ನ, ಮೆಣಸಿನಕಾಯಿ ಚೀಲಾನ ಕೂಸಿನ ತಲಿ ಮ್ಯಾಲ ಕಟ್ಟೀಯಲ್ಲ!” ಅದು ಮೆಣಸಿನಕಾಯಿ ಚೀಲ ಎಂದು ನನಗೆ ಗೊತ್ತಿತ್ತು. ಬ್ಯಾಡಗಿಯಲ್ಲಿ ಬೇರೆ ಯಾವ ಚೀಲ ಸಿಗುತ್ತದೆ? ನಾವು ಅದರ ಮೇಲೆ ಮಲಗಿ, ಅದನ್ನೇ ಹೊದ್ದು ಬೆಳೆದವರು.

ಚೀಲವನ್ನು ಸೋಡಾ ಹಾಕಿ ಕುದಿಸಿ ತೊಳೆದೆವು. ಗೊಂಬೆಗಳನ್ನು ಅತ್ತೆಯೇ ಕೂತು ಸಾಬೂನು ಹಚ್ಚಿ ತಿಕ್ಕಿದರು. ಒಣಗಿಸಿ ಮತ್ತೆ ಕಟ್ಟಿದ ಮೇಲೆ ಮಗಳು ಅದರ ಕೆಳಗೆ ಹಾಯಾಗಿ ನಿದ್ದೆ ಹೋದಳು.

ಅಪ್ಪ ಬಂದಾಗ ನಾನು ಬಾಗಿಲಲ್ಲೇ ತಡೆದೆ. “ಮೊದಲ ಜಳಕಾ ಮಾಡಪಾ, ಅಂಗಿ ಬದಲಿಸು.” ಅಪ್ಪನಿಗೆ ಸಿಟ್ಟು ಬಂತು. “ಯಾಕ, ನಾ ನಾರತೇನೇನು?” ಆದರೂ ಹೋದ. ಅಳಿಯನ ಅಂಗಿ ತೊಟ್ಟು ಹೊರಗೆ ಬಂದಾಗ ನಾನು ಮಗಳನ್ನು ಅವನ ತೋಳಿಗೆ ಕೊಟ್ಟೆ. ಅಪ್ಪ ಕಣ್ಣು ಮುಚ್ಚಿಕೊಂಡ, ಅಳು ಕೇಳಲು ತಯಾರಾಗಿ. ಅಳು ಬರಲಿಲ್ಲ. ಅವಳು ಅವನ ಕುತ್ತಿಗೆಗೆ ಕೈ ಹಾಕಿ ಭುಜಕ್ಕೆ ಮುಖ ಒರಗಿಸಿದಳು. ಅಪ್ಪ ಅಲ್ಲಾಡದೆ ನಿಂತೇ ಇದ್ದ.

ಆಮೇಲೆ ಒಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡೇ, ಬಚ್ಚಲ ಬಾಗಿಲಿಗೆ ಹಾಕಿದ್ದ ತನ್ನ ಅಂಗಿಯನ್ನು ದೂರದಿಂದಲೇ ಬಗ್ಗಿ ಮೂಸಿ ನೋಡಿದ. “ಏನೂ ವಾಸನಿ ಇಲ್ಲಲ್ಲವಾ?” ಎಂದ. ನಾನೂ ಮೂಸಿದೆ. ನನಗೂ ಏನೂ ಬರಲಿಲ್ಲ.

ಆವತ್ತಿನಿಂದ ಅಪ್ಪ ಬರುವಾಗ ಕೈಚೀಲದಲ್ಲಿ ಒಗೆದ ಅಂಗಿ ಇರುತ್ತಿತ್ತು. ಮೀಸೆಯನ್ನೂ ಮತ್ತೆ ಬಿಟ್ಟ. ಮಗಳು ಅದನ್ನು ಹಿಡಿದು ಜಗ್ಗುತ್ತಿದ್ದಳು, ಅಪ್ಪ ನೋವಿಗೆ ಕಣ್ಣೀರು ಹಾಕುತ್ತ, “ಜಗ್ಗಲಿ ಬಿಡವಾ, ಜಗ್ಗಲಿ,” ಅನ್ನುತ್ತಿದ್ದ.