ಅಂಬಮ್ಮನ ನೂರೆಂಟು ಮತ್ತು ಕರೆಂಟು ದೀಪ

ಆದವಾನಿಯ ಹತ್ತಿ ವ್ಯಾಪಾರಿ ಸಿದ್ದಬಸಪ್ಪನ ತಾಯಿ ಅಂಬಮ್ಮ ಒಲೆ, ಒರಳು, ಕಣಜದ ಬೀಗದ ಕೈ ಎಲ್ಲವನ್ನೂ ಸೊಸೆ ಕೊಟ್ರಮ್ಮನಿಗೆ ಬಿಟ್ಟುಕೊಟ್ಟಿದ್ದಳು. ಬಿಡದೆ ಹಿಡಿದುಕೊಂಡದ್ದು ಒಂದೇ, ಮುಸ್ಸಂಜೆಯ ದೀಪ. ಹಾಲಹರವಿಯಿಂದ ಸೊಸೆಯಾಗಿ ಬಂದ ವರ್ಷದಿಂದ ಆ ಮನೆಯ ದೀಪ ಹಚ್ಚಿದ ಕೈ ಆಕೆಯದೇ. ಅದನ್ನು ಹೇಳುವಾಗ ಆಕೆಯ ಗತ್ತು ನೋಡಿದರೆ, ಹೊತ್ತು ಮುಳುಗುವುದೂ ಆಕೆಯ ಅಪ್ಪಣೆ ಕೇಳಿಯೇ ಅನ್ನಬೇಕು.

ನಲವತ್ತನೇ ಇಸವಿಯ ಸುಮಾರಿಗೆ ಓಣಿಗೆ ಕರೆಂಟು ಬಂತು. ವೈರ್‌ಮನ್ ಶ್ರೀರಾಮುಲು ಪಡಸಾಲೆಗೆ ಒಂದು ಬಲ್ಬು, ಗೋಡೆಗೆ ಹಿತ್ತಾಳೆ ಮುಚ್ಚಳದ ಸ್ವಿಚ್ಚು ಕೂಡಿಸಿ, "ಒದ್ದಿ ಕೈ ಮಾತ್ರ ಹಚ್ಚಬ್ಯಾಡ್ರಮ್ಮಾ" ಎಂದು ಮೂರು ಸಲ ಹೇಳಿದ. ಅಂಬಮ್ಮ ಮೂರು ಸಲವೂ ತಲೆಯಾಡಿಸಿದಳು.

ಆದರೆ ಕೈಕಾಲು ತೊಳೆಯದೆ ದೀಪ ಮುಟ್ಟುವುದುಂಟೆ? ತೊಳೆದ ಕೈಯನ್ನು ದಿನವೆಲ್ಲ ಮೈಮೇಲಿದ್ದ ಸೆರಗಿಗೆ ಒರೆಸಿದರೆ ತೊಳೆದದ್ದೇ ದಂಡ. ಆ ಸಂಜೆ ಆಕೆ ಬಚ್ಚಲಿನಿಂದ ನೀರು ತೊಟ್ಟಿಕ್ಕಿಸುತ್ತಲೇ ಬಂದು, ಶಿವಾ ಎಂದು ಸ್ವಿಚ್ಚು ಒತ್ತಿದಳು. ಕರೆಂಟು ಆಕೆಯನ್ನು ಹಿಂದಿದ್ದ ಹತ್ತಿ ರಾಶಿಗೆ ಎಸೆಯಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಮೂರು ದಿನ ತಲೆಗೂದಲಿನಿಂದ ಹತ್ತಿ ಹೆಕ್ಕಬೇಕಾಯಿತು, ಅಷ್ಟೇ.

"ಇನ್ನ ಮ್ಯಾಲೆ ನೀ ಅದನ್ನ ಮುಟ್ಟಂಗಿಲ್ಲವ್ವಾ. ಕೊಟ್ರಿ ಹಚ್ತಾಳ" ಎಂದ ಸಿದ್ದಬಸಪ್ಪ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಕೊಟ್ರಮ್ಮ ಪಾಪದವಳು. "ಒಗೆದ ವಸ್ತ್ರ ಇಡ್ತೀನ್ರಿ ಅತ್ತಿ, ಒರೆಸ್ಕೊಂಡು ನೀವs ಹಚ್ರಿ" ಎಂದಳು.

"ಒಗೆದೋರು ಯಾರು?"

"ನಾನs ರೀ."

"ಅದಕ್ಕs ಬ್ಯಾಡ."

ಬಾಯಿ ಹೀಗಿದ್ದರೂ, ಸೊಸೆ ಪಟಕ್ಕನೆ ಸ್ವಿಚ್ಚು ಒತ್ತಿದಾಗಲೆಲ್ಲ ಅಂಬಮ್ಮನಿಗೆ ನಿಜಕ್ಕೂ ಅಳು ಬರುತ್ತಿತ್ತು. ದೀಪವೂ ಹೋದರೆ ಈ ಮನೆಯಲ್ಲಿ ತನ್ನದೆಂದು ಉಳಿಯುವುದೇನು?

ಹಟಮಾರಿ ಹೆಂಗಸು, ಸುಮ್ಮನೆ ಕೂಡಲಿಲ್ಲ. ಕೈ ತೊಳೆದು, ಒರೆಸದೆ, ನಮಃ ಶಿವಾಯ ಎಂದು ಎಣಿಸುತ್ತಾ ಜೋಳದ ಹಿಟ್ಟಿಗೆ ಅಂಗೈ ಒತ್ತಿ ನೋಡತೊಡಗಿದಳು. ಐವತ್ತಕ್ಕೆ ಹಿಟ್ಟು ಮೆತ್ತಿಕೊಂಡಿತು. ಎಂಬತ್ತಕ್ಕೆ ಬೆರಳ ಸಂದಿಯಲ್ಲಿ ಉಳಿಯಿತು. ನೂರೆಂಟಕ್ಕೆ ಕೈ ಕೊಡವಿದರೆ ಒಂದು ಚೂರೂ ಇಲ್ಲ! ಮಡಿಯೂ ಉಳಿಯಿತು, ಜೀವವೂ ಉಳಿಯಿತು.

ಮಗ ನಂಬಲಿಲ್ಲ. ಸ್ವಿಚ್ಚನ್ನು ತಾಯಿಯ ಕೈಗೆ ಎಟುಕದಷ್ಟು ಮೇಲಕ್ಕೆ ಏರಿಸಲು ಶ್ರೀರಾಮುಲುವನ್ನು ಕರೆಸಿದ. ಅವನು ಬಂದದ್ದು ದೀಪ ಹಚ್ಚುವ ಹೊತ್ತಿಗೇ. ಮನೆಗೆ ಬಂದವರಿಗೆ ನೀರು ಕೊಡುವುದು ವಾಡಿಕೆ. ಕೊಟ್ರಮ್ಮ ತಂಬಿಗೆ ಕೊಟ್ಟಳು. ಅವನು ಧೂಳು ತೊಳೆದುಕೊಂಡು, ಕೈ ಕೊಡವಿ, ನೇರವಾಗಿ ಸ್ವಿಚ್ಚಿನ ಮುಚ್ಚಳಕ್ಕೆ ಕೈ ಹಾಕಹೋದ.

ಅಂಬಮ್ಮ ಗೋಡೆಗೆ ಅಡ್ಡ ನಿಂತಳು. "ನಿಲ್ಲಪ್ಪ! ಕೈ ಹಸಿ ಐತಿ."

"ನಂದು ದಿನಾ ಇದs ಪನಿ, ಇದs ಕೆಲಸ ಅಮ್ಮಾ, ನನಗೇನಾಗತೈತಿ?"

ಆಕೆ ಹಿಟ್ಟಿನ ಪರಾತ ಮುಂದೆ ಹಿಡಿದಳು. "ಒತ್ತು." ಒತ್ತಿದ. ಅಂಗೈಗೆ ಒಂದು ರೊಟ್ಟಿಗಾಗುವಷ್ಟು ಹಿಟ್ಟು ಮೆತ್ತಿಕೊಂಡಿತು. ಶ್ರೀರಾಮುಲುವಿನ ಮುಖ ಬೆಳ್ಳಗಾಯಿತು. ಅದಕ್ಕೆ ಹಿಟ್ಟು ಕಾರಣವಲ್ಲ.

"ಮತ್ತೊಮ್ಮೆ ತೊಳಕೊಂಡು ಕುಂದ್ರು. ನಮಃ ಶಿವಾಯ ನೂರೆಂಟು ಅನ್ನು."

"ನಾ ರಾಮಾ ಅಂತೀನಮ್ಮಾ."

"ಅನ್ನು. ಆದ್ರ ರಾಮ ಸಣ್ಣ ಹೆಸರು, ಲಗೂನ ಮುಗೀತೈತಿ. ಇನ್ನೂರಾ ಹದಿನಾರು ಅನ್ನು."

ತಾನೂ ಕೈಕಾಲು ತೊಳೆದು ಬಂದು ಎಣಿಸತೊಡಗಿದಳು. ಹೊರಗೆ ಕತ್ತಲಾಯಿತು. ಕತ್ತಲಲ್ಲಿ ಒಂದು ಮೂಲೆಯಿಂದ ಶಿವ, ಇನ್ನೊಂದು ಮೂಲೆಯಿಂದ ರಾಮ. ನಡುವೆ ಸಿದ್ದಬಸಪ್ಪ ಪರಾತ ಎಡವಿ ಹಿಟ್ಟಿನಲ್ಲಿ ಕೂತ.

"ಇನ್ನೂ ಎಷ್ಟೋ?" ಎಂದು ಕೇಳಿದ.

"ಇನ್ನೂರಾ ಹತ್ತು ಆಗ್ಯಾವ್ರಿ" ಎಂದ ಶ್ರೀರಾಮುಲು.

"ನಂದು ಮುಗೀತು" ಎಂದಳು ಅಂಬಮ್ಮ.

ಸಿದ್ದಬಸಪ್ಪ ಹಿಟ್ಟು ಕೊಡವಿಕೊಂಡು ಎದ್ದ. ತಾನು ಕರೆಸಿದ ಜಾಣ ಮಾಡಹೊರಟಿದ್ದ ತಪ್ಪನ್ನು ತಾಯಿ ತಡೆದದ್ದು ಅವನ ಕಣ್ಣಮುಂದೆಯೇ ನಡೆದಿತ್ತು.

"ಅವ್ವಾ, ನೀನs ಹಚ್ಚು. ದಿನಾ ನೀನs ಹಚ್ಚು" ಎಂದ.

ಆಕೆ ಒಣಗಿದ ಬೆರಳಿನಿಂದ ಮೆಲ್ಲಗೆ ಒತ್ತಿದಳು. ಪಡಸಾಲೆ ಬೆಳಗಿತು. ದೀಪಕ್ಕೆ ಕೈಮುಗಿದ ಅಂಬಮ್ಮನಿಗೆ ಸಂತೋಷಕ್ಕೆ ಕಣ್ಣೀರು ಉಕ್ಕಿತು. ಒರೆಸಿಕೊಂಡವಳು ಬೆರಳನ್ನು ಒಮ್ಮೆ ನೋಡಿ, ಸ್ವಿಚ್ಚಿನಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.