ಶೇವಂತಾಬಾಯಿಯ ಮಾವನ ಆಪರೇಷನ್

ಕಮಲಾಪುರದ ಶೇವಂತಾಬಾಯಿ ಸುಳ್ಳು ಹೇಳುವಾಗ ತಡವರಿಸುವುದಿಲ್ಲ, ಕಣ್ಣು ಅತ್ತಿತ್ತ ಹೊರಳಿಸುವುದಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಇವತ್ತು ಬಿಸಿಲು ಜೋರಾಗಿದೆ ಎಂದಷ್ಟೇ ಸಲೀಸಾಗಿ ಹೇಳಿಬಿಡುತ್ತಾಳೆ. ಒಮ್ಮೆ ಅವಳ ಕೆಂಪು ಬಾಳೆಯ ತೋಟ ನೋಡಲು ಕಲಬುರಗಿಯಿಂದ ಬಂದವರೊಬ್ಬರು, ಈ ಗೊನೆ ಯಾಕೆ ಅಷ್ಟು ಕೆಂಪಾಗಿಲ್ಲ ಎಂದು ಕೇಳಿದರು. “ಬಣ್ಣ ಹಚ್ಚಾಂವ ಊರಿಗಿ ಹೋಗ್ಯಾನ್ರೀ. ನಾಳಿ ಬಂದು ಇನ್ನೊಂದು ಕೋಟ್ ಹೊಡೀತಾನ” ಎಂದಳು. ಅವರು ತಲೆಯಾಡಿಸುತ್ತ ಕಾರು ಹತ್ತಿದರು. ಶೇವಂತಾ ಗೊನೆಯ ಹಿಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳ ಬಳಿ ಒಂದು ಹಳೆಯ ಟ್ರಕ್ಕು ಇದೆ. ಮಿಲಿಟರಿಯವರು ಹರಾಜಿಗೆ ಹಾಕಿದ್ದು. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವಂಥದ್ದು. ಅದನ್ನು ಆಸೆಪಟ್ಟು ತಂದವನು ಗಂಡ ಪೀರಪ್ಪ. ತಂದ ದಿನವೇ ಬ್ರೇಕ್ ಎಂದು ತಿಳಿದು ಬೇರೇನನ್ನೋ ತುಳಿದು, ಬಾಳೆಯ ಒಂದು ಸಾಲನ್ನು ಪೂರಾ ಮಲಗಿಸಿದ. ಕೆಳಗಿಳಿದವನು ಮತ್ತೆ ಆ ಸೀಟು ಹತ್ತಲಿಲ್ಲ. ಶೇವಂತಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತಾನೇ ಹತ್ತಿದಳು. ಮಳೆಗಾಲದಲ್ಲಿ ಉಳಿದವರ ಗಾಡಿಗಳು ಎರೆಮಣ್ಣಿನಲ್ಲಿ ಹೂತು ನಿಂತಾಗ ಅವಳ ಟ್ರಕ್ಕು ಗೊನೆ ಹೇರಿಕೊಂಡು ಗುರುಗುಟ್ಟುತ್ತ ಹೊರಗೆ ಬರುತ್ತಿತ್ತು. ಸದಾ ಗೊಣಗುತ್ತದೆ, ಹೇಳಿದ ಮಾತು ಕೇಳುವುದಿಲ್ಲ, ಆದರೂ ಮನೆಗೆ ಬೇಕು. ಅದಕ್ಕೇ ಟ್ರಕ್ಕಿಗೆ ‘ಮಾವ’ ಎಂದು ಹೆಸರಿಟ್ಟಳು.

ಕಳೆದ ವರ್ಷ ಮಾವನ ಸ್ಟೇರಿಂಗ್ ಕೆಟ್ಟಿತು. ಕೈಯಲ್ಲಿ ಚಕ್ರ ಕಾಲು ಸುತ್ತು ತಿರುಗಿದ ಮೇಲೆ ಗಾಲಿಗಳಿಗೆ ಸುದ್ದಿ ಮುಟ್ಟುತ್ತಿತ್ತು. ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಹೋಗಿ ಎಮ್ಮೆಗಳ ನಡುವೆ ನುಗ್ಗಿದ ದಿನ ಶೇವಂತಾಗೂ ಎದೆ ಝಲ್ಲೆಂದಿತು. ಮರುದಿನ ಬೆಳಿಗ್ಗೆ ಖಾಲಿ ಗಾಡಿಯನ್ನು ಆಮೆಯ ಹಾಗೆ ನಡೆಸಿಕೊಂಡು ಕಲಬುರಗಿ ಹತ್ತಿರದ ಕಪನೂರಕ್ಕೆ ಬಂದಳು.

ಕಪನೂರದಲ್ಲಿ ಅಂಥ ಹಳೆಯ ಗಾಡಿ ಬಲ್ಲ ಮಿಸ್ತ್ರಿಗಳು ಇಬ್ಬರೇ, ಝಹೀರ್ ಮತ್ತು ಮರೆಪ್ಪ. ಇಬ್ಬರೂ ಮೊದಲು ಒಂದೇ ಶೆಡ್ಡಿನಲ್ಲಿ ಪಾಲುದಾರರು. ಒಮ್ಮೆ ಒಂದು ಲಾರಿಯ ಗಾಲಿ ಬಿಚ್ಚುವಾಗ ನಟ್ಟನ್ನು ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂದು ವಾದ ಹತ್ತಿತು. ಕೊನೆಗೆ ಇಬ್ಬರೂ ಒಟ್ಟಿಗೇ ಜೋರು ಹಾಕಿದರು, ಬೋಲ್ಟು ಮುರಿಯಿತು. “ನೀ ಹೇಳಿದ ಕಡಿಗೇ ತಿರುವೀನಿ” ಎಂದು ಒಬ್ಬ, “ನಾ ಎಲ್ಲಿ ಹೇಳೀನಿ” ಎಂದು ಇನ್ನೊಬ್ಬ. ಮಾತು ನಿಂತಿತು, ಶೆಡ್ಡಿನ ನಡುವೆ ತಗಡಿನ ಗೋಡೆ ಎದ್ದಿತು. ಅಂದಿನಿಂದ ಆಚೆಯವನು ಕೆಮ್ಮಿದರೆ ಈಚೆಯವನು ತಗಡಿಗೆ ನಟ್ಟು ಬಿಚ್ಚುವ ಪಾನಾದಿಂದ ಒಂದು ಬಾರಿಸುತ್ತಿದ್ದ. ಅಷ್ಟೇ ಅವರ ಮಾತುಕತೆ.

ಝಹೀರ್ ಗಾಡಿಯ ಕೆಳಗೆ ತೂರಿ ನೋಡಿದ. “ಅಕ್ಕಾ, ಸ್ಟೇರಿಂಗ್ ಬಾಕ್ಸ್ ಇಳಸಬೇಕು. ಬೇರಿಂಗ್ ಹೋಗ್ಯಾವ, ಸೀಲೂ ಹೋಗ್ಯಾದ. ಖರೇ ಅಂದ್ರ ಅದರ ಕೆಳಗಿನ ಡ್ರಾಪ್ ಆರ್ಮ್ ಬರಬೇಕಲ್ಲ, ಅದೇ ಜಿದ್ದಿಂದು.”

ಡ್ರಾಪ್ ಆರ್ಮ್ ಎಂದರೆ ಮೊಳಕೈಯಂಥ ಒಂದು ಕಬ್ಬಿಣದ ತೋಳು. ಬಾಕ್ಸಿನಿಂದ ಕೆಳಗಿಳಿದ ಹಲ್ಲಿನ ಶಾಫ್ಟಿಗೆ ಅದರ ತೂತಿನ ತುದಿ, ಅಂದರೆ ಕಿವಿ, ಬಿಗಿಯಾಗಿ ಕೂತಿರುತ್ತದೆ. ಮಾವನದು ಸೇನೆ ಬಿಟ್ಟಾಗಿನಿಂದ ಬಿಚ್ಚಿರಲಿಲ್ಲ. ಶಾಫ್ಟು, ತೋಳು, ಕೆಸರು, ತುಕ್ಕು ಎಲ್ಲ ಒಂದೇ ಜೀವವಾಗಿದ್ದವು. ಝಹೀರ್ ನಟ್ಟು ಸಡಿಲಿಸಿದ. ತೋಳು ಸಿಡಿದು ಮುಖಕ್ಕೆ ಬಡಿಯಬಾರದೆಂದು ನಟ್ಟನ್ನು ಪೂರ್ತಿ ತೆಗೆಯದೆ ಶಾಫ್ಟಿನ ತುದಿಯಲ್ಲೇ ಬಿಟ್ಟ. ತೋಳನ್ನು ಹಿಡಿದೆಳೆಯುವ ಎರಡು ಕಾಲಿನ ಪುಲ್ಲರ್ ಸಿಕ್ಕಿಸಿ, ಮೈಯ ಭಾರವೆಲ್ಲ ಹಾಕಿ ತಿರುವಿದ. ಪುಲ್ಲರ್ ಕಿರುಗುಟ್ಟಿತು, ತೋಳು ಅಲುಗಲಿಲ್ಲ. ಗ್ಯಾಸಿನ ಬೆಂಕಿ ಹಿಡಿದ. ಹೊಗೆ ಬಂತು, ಹಳೆಯ ಗ್ರೀಸು ಸುಟ್ಟ ವಾಸನೆ ಬಂತು, ತೋಳು ಬರಲಿಲ್ಲ.

ಅಷ್ಟರಲ್ಲಿ ಸ್ಟೇಶನ್ ಬಜಾರದ ಹಣ್ಣಿನ ವ್ಯಾಪಾರಿ ಖಮರುದ್ದೀನ್ ಸೇಠರ ಫೋನು ಬಂತು. ಬಾಳೆ ಯಾಕೆ ಬರಲಿಲ್ಲ ಎಂದು ಕೇಳಿದರು.

“ಏನ್ ಹೇಳ್ಲಿ ಸೇಠಜಿ, ನಮ್ಮ ಮಾವಂದು ಕೀಲು ಹಿಡದಾವ. ಕಪನೂರಾಗ ಆಪರೇಷನ್ ನಡದದ” ಎಂದಳು ಶೇವಂತಾ.

“ಯಾ ಅಲ್ಲಾ! ಡಾಕ್ಟರ್ ಯಾರು?”

“ಝಹೀರ್ ಅಂತ. ಬೆಂಕಿ ಇಟ್ಟು ನೋಡಿದ್ರು, ಇನ್ನ ಬಡದು ನೋಡ್ತಾರಂತ.”

ಸೇಠರು ದುವಾ ಮಾಡುವುದಾಗಿ ಹೇಳಿ ಫೋನಿಟ್ಟರು.

ಝಹೀರ್ ಬಡಿದ. ಒಂದು ಕಡೆಯಿಂದ ಸುತ್ತಿಗೆ ಬಿದ್ದರೆ ಇಡೀ ತೋಳು ಆ ಕಡೆಗೆ ನಡುಗಿ ಏಟನ್ನೆಲ್ಲ ನುಂಗುತ್ತಿತ್ತು. ತಗಡಿನ ಆಚೆಯಿಂದ ಯಾರೋ ಕಿಸಕ್ಕೆಂದರು. ಝಹೀರನ ಕಿವಿ ಕೆಂಪಾಯಿತು. “ಇದಕ್ಕ ಎರಡೂ ಕಡಿಂದ ಒಂದೇ ಟೈಮಿಗಿ ಏಟು ಬೀಳಬೇಕು ಅಕ್ಕಾ. ಪಳಗಿದ ಕೈ ಬೇಕು. ಒಬ್ಬನ ಕೆಲಸಲ್ಲ” ಎಂದು ಸುತ್ತಿಗೆ ಕೆಳಗಿಟ್ಟ.

ಶೇವಂತಾ ತಗಡಿನ ಕಡೆ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಎದ್ದು ಆಚೆ ಹೋದಳು.

“ಮರೆಪ್ಪಣ್ಣಾ, ಝಹೀರ್ ಭಾಯಿ ಒಂದು ಮಾತಂದ್ರು, ನಿಮಗ ಹೇಳಬೇಕೋ ಬ್ಯಾಡೋ ಗೊತ್ತಾಗವಲ್ದು.”

“ಏನಂದ?”

“ಇಂಥಾ ಏಟು ಹೊಡಿಯೋದು ಕಪನೂರಾಗ ಮರೆಪ್ಪಗಷ್ಟೇ ಬರತಿತ್ತು. ಈಗ ಪಾಪ, ಕೈ ನಡಗತಾವಂತ ಅಂದ್ರು.”

ಮರೆಪ್ಪ ಕುಡಿಯುತ್ತಿದ್ದ ಚಹಾವನ್ನು ಅಲ್ಲೇ ಇಟ್ಟು ಎದ್ದ. ಅವನು ದೊಡ್ಡ ಸುತ್ತಿಗೆ ಹುಡುಕುವಷ್ಟರಲ್ಲಿ ಶೇವಂತಾ ಈಚೆ ಬಂದಿದ್ದಳು.

“ಝಹೀರ್ ಭಾಯಿ, ಮರೆಪ್ಪಣ್ಣ ಬರ್ಲಾಕತ್ಯಾರ. ನಿಮ್ಮದೇನೂ ತಪ್ಪಿಲ್ಲಂತ. ಝಹೀರನ ಕಣ್ಣಿಗಿ ಈಗ ಸರಿ ಕಾಣಂಗಿಲ್ಲ, ಗುರಿ ತಪ್ಪತದ, ಪಾಪ ಅಂತ ಭಾಳ ಮರುಗಿದ್ರು.”

ಇಬ್ಬರೂ ಗಾಡಿಯ ಕೆಳಗೆ ಮುಖಾಮುಖಿ ಕೂತರು. ಝಹೀರ್ ಪುಲ್ಲರನ್ನು ಇನ್ನೊಂದಿಷ್ಟು ಬಿಗಿದ. ಮರೆಪ್ಪ ತೋಳಿನ ಕಿವಿಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿದ. ಝಹೀರ್ ಅದರ ನೇರ ಎದುರಿಗೆ ತನ್ನದೂ ಒಂದು ಗುರುತು ಮಾಡಿದ. ಮರೆಪ್ಪ ಗಂಟಲು ಸರಿಮಾಡಿಕೊಂಡು ಸುತ್ತಿಗೆ ಎತ್ತಿದ. ಒಬ್ಬನಿಗೆ ತನ್ನ ಕೈ ತೋರಿಸಬೇಕಿತ್ತು, ಇನ್ನೊಬ್ಬನಿಗೆ ತನ್ನ ಕಣ್ಣು. ಎರಡು ಸುತ್ತಿಗೆಗಳು ಒಂದೇ ಸದ್ದಾಗಿ ಬಿದ್ದವು. ಮತ್ತೆ ಬಿದ್ದವು. ಮೂರನೆಯ ಏಟಿಗೆ ಬಂದೂಕು ಹಾರಿದಂತೆ ‘ಢಂ’ ಎಂದಿತು. ತುಕ್ಕಿನ ಪುಡಿ ಉದುರಿತು. ತೋಳು ಜಾರಿ ನಟ್ಟಿನ ಮೇಲೆ ಕೂತಿತು.

“ಬಂತಲ್ಲೋ!” ಎಂದ ಮರೆಪ್ಪ.

“ಬಂತು ನೋಡು!” ಎಂದ ಝಹೀರ್. ಆಮೇಲೆ ಇಬ್ಬರಿಗೂ ತಾವು ಮಾತು ಬಿಟ್ಟಿದ್ದು ನೆನಪಾಗಿ ಮುಖ ತಿರುಗಿಸಿದರು.

ಆಗಲೇ ಬಾಗಿಲಿಗೆ ಒಂದು ಆಟೋ ಬಂದು ನಿಂತಿತು. ಖಮರುದ್ದೀನ್ ಸೇಠರು ಒಂದು ಕೈಯಲ್ಲಿ ಮೋಸಂಬಿ ಚೀಲ, ಇನ್ನೊಂದರಲ್ಲಿ ಬ್ರೆಡ್ಡು ಹಿಡಿದು ಇಳಿದರು. “ಝಹೀರ್ ಡಾಕ್ಟರ್ ಅಂತ ಕೇಳಿದ್ರ ಆಟೋದವ ಇಲ್ಲಿಗೇ ತಂದು ಬಿಟ್ಟಾನ. ಪೇಷಂಟ್ ಎಲ್ಲಿ?”

ಶೇವಂತಾ ತಲೆ ತಗ್ಗಿಸಿ ಟ್ರಕ್ಕಿನ ಕಡೆ ಬೆರಳು ಮಾಡಿದಳು. ಸೇಠರು ಟ್ರಕ್ಕನ್ನು ನೋಡಿದರು, ಮೋಸಂಬಿಯನ್ನು ನೋಡಿದರು. “ಬೇಟಿ, ನಾನು ಅಂಗಡಿ ಮುಚ್ಚಿ ಬಂದೀನಿ!”

ಸೇಠರೂ ಮೋಸಹೋದದ್ದು ಕೇಳಿ ಗಾಡಿಯ ಕೆಳಗೆ ಮರೆಪ್ಪ ಯೋಚನೆಗೆ ಬಿದ್ದ. ಮೆಲ್ಲಗೆ ಕೇಳಿದ: “ನೀ ನನ್ನ ಕೈ ನಡಗತಾವ ಅಂದಿದ್ದೇನು?”

“ಇಲ್ಲ. ನೀ ನನ್ನ ಕಣ್ಣಿನ ಮಾತು ಆಡಿದ್ದೇನು?”

“ನಿನ್ನ ಸುದ್ದೀನೇ ತಗದಿಲ್ಲ.”

ಇಬ್ಬರೂ ಹೊರಗೆ ಬಂದು ಶೇವಂತಾಳನ್ನು ದಿಟ್ಟಿಸಿದರು. ಅವಳು ಮೋಸಂಬಿಯೊಂದನ್ನು ಸುಲಿಯುತ್ತ, “ಮತ್ತ ಹೊರಗ ಬಂತಿಲ್ಲ?” ಎಂದಳು. ಸೇಠರಿಗೆ ಮೊದಲು ನಗು ಬಂತು. ಅವರು ಮೋಸಂಬಿಯನ್ನು ಎಲ್ಲರಿಗೂ ಹಂಚಿ, ಬ್ರೆಡ್ಡನ್ನು ಮಾತ್ರ ವಾಪಸ್ಸು ಒಯ್ದರು.

ಬಾಕ್ಸು ಬಿಚ್ಚಿ, ಹೊಸ ಬೇರಿಂಗ್ ಕೂರಿಸಿ, ಜೋಡಿಸುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಯಿತು. ಅದಕ್ಕಾಗಿ ಮಿಸ್ತ್ರಿಗಳು ಗೋಡೆಯ ಒಂದು ತಗಡು ಬಿಚ್ಚಿದ್ದರು, ಪಾನಾ ಆಚೀಚೆ ಕೊಡಲಿಕ್ಕೆ. ಆ ಸಂದಿಯಲ್ಲಿ ತಲೆಗೆ ತಲೆ ಹಚ್ಚಿ ಏನೋ ಪಿಸುಗುಟ್ಟಿದ್ದೂ ಉಂಟು.

ಶೇವಂತಾ ಗಾಡಿ ತೆಗೆದುಕೊಂಡು ಹೊರಟಳು. ಸ್ಟೇರಿಂಗ್ ಬೆಣ್ಣೆಯಂತೆ ತಿರುಗಿತು. ಹೆದ್ದಾರಿಗೆ ಬಂದು ಗಾಲಿ ನೇರವಾದ ಮೇಲೆ ನೋಡುತ್ತಾಳೆ, ಕೈಚಕ್ರ ತಲೆಕೆಳಗಾಗಿದೆ. ಹೊಟ್ಟೆಯ ಕಡೆ ಇರಬೇಕಾದ ಚಕ್ರದ ನಡುವಿನ ಕಡ್ಡಿ ನೆಟ್ಟಗೆ ಮೇಲೆ ನಿಂತು ಅವಳ ಮೂಗಿಗೆ ಬೆರಳು ತೋರಿಸುತ್ತಿದೆ. ಗಾಡಿಗೇನೂ ತೊಂದರೆ ಇರಲಿಲ್ಲ, ನೋಡಲಿಕ್ಕಷ್ಟೇ ಉಲ್ಟಾ. ಗಾಡಿ ನಿಲ್ಲಿಸಿ ನಕ್ಕಳು. ತಿರುಗಿ ಹೋದರೆ ಸೇಡು ತೀರಿಸಿಕೊಂಡ ಆ ಇಬ್ಬರು ಮಿಸ್ತ್ರಿಗಳು ಗೆದ್ದಂತೆ. ಹೋಗಲಿಲ್ಲ.

“ಇದೇನು ಹಿಂಗ್ಯಾಕ?” ಎಂದ ಪೀರಪ್ಪ, ಕಮಲಾಪುರದಲ್ಲಿ. ಸುತ್ತಲೂ ನಾಲ್ಕು ಮಂದಿ ನಿಂತಿದ್ದರು.

“ಹಿಂಗ ಕೂಡಿಸಿದ್ರ ಡೀಸೆಲ್ ಉಳೀತದಂತ. ದೊಡ್ಡ ದೊಡ್ಡ ಗಾಡ್ಯಾಗ ಈಗ ಹಿಂಗೇ ಬರತದ” ಎಂದಳು ಶೇವಂತಾ, ಮೂಗು ಒರೆಸಿಕೊಂಡು.

ವಾರ ಕಳೆದಿರಲಿಲ್ಲ, ಕಮಲಾಪುರದ ದೌಲಪ್ಪ ತನ್ನ ಟ್ರ್ಯಾಕ್ಟರ್ ಹೊಡೆದುಕೊಂಡು ಕಪನೂರದ ಶೆಡ್ಡಿಗೆ ಬಂದ. ಸ್ಟೇರಿಂಗ್ ತಲೆಕೆಳಗು ಮಾಡಿಕೊಡಿ ಎಂದ. ಝಹೀರ್ ತಿಳಿಸಿ ಹೇಳಿದ, ಮರೆಪ್ಪ ಕೈಮುಗಿದು ಹೇಳಿದ. ದೌಲಪ್ಪ ಕೇಳಲಿಲ್ಲ.

“ಶೇವಂತಾಬಾಯಿಗಿ ಮಾಡಿ ಕೊಟ್ಟೀರಿ, ನನಗ್ಯಾಕ ಇಲ್ಲ? ನನ್ನ ಟ್ರ್ಯಾಕ್ಟರ್ ಡೀಸೆಲ್ ಕುಡಿಯಂಗಿಲ್ಲೇನು?” ಎಂದು ಟ್ರ್ಯಾಕ್ಟರ್ ಆಫ್ ಮಾಡಿ, ಬೀಗದ ಕೈ ಕಿಸೆಗೆ ಹಾಕಿಕೊಂಡು, ಮರೆಪ್ಪನ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ.