ಅರೆಕಾಲಮ್ಮನಿಗೆ ಭಿನ್ನರಾಶಿ ಒಲಿದದ್ದು

ಹೊಲಿಗೆಯಂಗಡಿಯ ಆಕೆಯನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಅರೆಕಾಲಮ್ಮ ಎಂದೇ. ಯಾರ ಅಳತೆ ತೆಗೆದರೂ, ‘ಅರೆಕಾಲು ಇಂಚು ಜಾಸ್ತಿ ಬಿಟ್ಟಿರ್ತೀನಿ, ಆಮೇಲೆ ಬೈಬೇಡಿ’ ಅನ್ನುವುದು ಅವಳ ಬಾಯಿಪಾಠವಾಗಿತ್ತು. ಕಾಲು ಇಂಚಿನಲ್ಲಿ ಅರ್ಧ, ಅಷ್ಟೇ. ಆದರೆ ಅಷ್ಟು ಜಾಗದಲ್ಲಿ ಎಷ್ಟು ಜನರ ಮಾನ ಉಳಿದಿದೆ ಎಂಬುದು ಅವಳೊಬ್ಬಳಿಗೇ ಗೊತ್ತು.

ಇಂಥವಳು ಶಾಲೆ ಬಿಟ್ಟದ್ದು ಭಿನ್ನರಾಶಿಯ ದೆಸೆಯಿಂದ. ಅಂಕಿಯ ಮೇಲೊಂದು ಅಂಕಿ ಕೂರಿಸಿ ನಡುವೆ ಗೆರೆ ಎಳೆದರೆ ಸಾಕು, ಅವಳು ಹಿಂದಿನ ಬೆಂಚಿಗೆ ಸರಿಯುತ್ತಿದ್ದಳು. ನಾಲ್ಕನೇ ತರಗತಿಯಲ್ಲಿ ಮೇಷ್ಟ್ರು ಹಲಗೆಯ ಹತ್ತಿರ ಕರೆದು, ಎರಡರಲ್ಲಿ ಒಂದಕ್ಕೆ ನಾಲ್ಕರಲ್ಲಿ ಒಂದನ್ನು ಕೂಡಿಸು ಎಂದರು. ಅವಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಆರರಲ್ಲಿ ಎರಡು ಎಂದು ಬರೆದಳು. ತರಗತಿ ಗೊಳ್ಳೆಂದಿತು. ಮಾರನೇ ದಿನ ಅಪ್ಪ ಗದರಿದರು, ಅಮ್ಮ ಪುಸಲಾಯಿಸಿದಳು. ಹುಡುಗಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ಸೋದರತ್ತೆ ತನ್ನ ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡಳು. ಅಲ್ಲಿಗೆ ಓದು ಮುಗಿದು ಕಸುಬು ಶುರುವಾಯಿತು.

ನಲವತ್ತು ವರ್ಷ ಕಳೆದ ಮೇಲೆ, ಬೀದಿಯ ಕೊನೆಯಲ್ಲಿರುವ ಶಾಲೆಯ ಕಿಟಕಿಗಳಿಗೆ ಪರದೆ ಹೊಲಿಯಲು ಅವಳಿಗೆ ಕರೆ ಬಂತು. ಒಂದು ಬೆಳಿಗ್ಗೆ ನಾಲ್ಕನೇ ತರಗತಿಯಲ್ಲಿ ಸ್ಟೂಲು ಹತ್ತಿ ಅಳತೆ ತೆಗೆಯುತ್ತಿದ್ದಾಗ ಪಾಠ ನಡೆದೇ ಇತ್ತು. ಟೀಚರು ಚಿಕ್ಕ ವಯಸ್ಸಿನವಳು, ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಷ್ಟೆ. ಎರಡು ಜಡೆಯ ಒಬ್ಬ ಹುಡುಗಿ ಹಲಗೆಯ ಮೇಲೆ ಲೆಕ್ಕ ಮುಗಿಸಿ ಸೀಮೆಸುಣ್ಣ ಕೆಳಗಿಟ್ಟಳು. ಅರೆಕಾಲಮ್ಮ ತಿರುಗಿ ನೋಡಿದರೆ, ಅದೇ ಲೆಕ್ಕ. ಉತ್ತರವೂ ಅದೇ, ಆರರಲ್ಲಿ ಎರಡು. ತನ್ನನ್ನೇ ಹಲಗೆಯ ಮುಂದೆ ನಿಲ್ಲಿಸಿದಂತಾಗಿ ಅವಳು ತೆಗೆದ ಅಳತೆಯನ್ನೇ ಮರೆತಳು.

ತಪ್ಪು ಎಂದು ಟೀಚರು ಹೇಳಿದಳು. ಯಾಕೆ ತಪ್ಪು ಎಂದು ಎರಡು ಸಲ ವಿವರಿಸಿದರೂ ಹುಡುಗಿಯ ಮುಖ ಪೆಚ್ಚಾಗಿಯೇ ಉಳಿಯಿತು. ಅರೆಕಾಲಮ್ಮನಿಗೆ ತಡೆಯಲಾಗಲಿಲ್ಲ.

“ಟೀಚರ್, ಅದನ್ನ ಬಾಯಿಮಾತಲ್ಲಿ ಏನಂತಾರೆ?”

“ಅರ್ಧಕ್ಕೆ ಕಾಲು ಕೂಡಿಸೋದು ಅಮ್ಮ.”

“ಅರ್ಧ, ಕಾಲು ಅಂದ್ರೆ... ಬಟ್ಟೆ ಅಳೆಯೋ ಅರ್ಧ, ಕಾಲೇನಾ?”

“ಅದೇ.”

ಅರೆಕಾಲಮ್ಮ ಸ್ಟೂಲಿನಿಂದ ಇಳಿದಳು. ದಿನಕ್ಕೆ ನೂರು ಸಲ ತಾನು ನಾಲಿಗೆಯ ಮೇಲೆ ಆಡಿಸುತ್ತಿದ್ದದ್ದೇ ಆ ಗುಮ್ಮ ಎಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಚೀಲದಿಂದ ಒಂದು ಮೀಟರ್ ಉದ್ದದ ಬಟ್ಟೆಪಟ್ಟಿ ತೆಗೆದು ಮೇಜಿನ ಮೇಲೆ ಹರಡಿ ಹುಡುಗಿಯನ್ನು ಹತ್ತಿರ ಕರೆದಳು. ಪಟ್ಟಿಯನ್ನು ಆರು ಸಮಪಾಲಾಗಿ ಮಡಿಸಿ, ಅದರಲ್ಲಿ ಎರಡು ಪಾಲನ್ನು ಬೆರಳಲ್ಲಿ ಹಿಡಿದು ತೋರಿಸಿದಳು.

“ನಿನ್ನ ಉತ್ತರ ಇಷ್ಟು, ನೋಡು ಪುಟ್ಟಿ. ನೀನು ತಂದಿದ್ದೇ ಅರ್ಧ ಮೀಟರ್. ಅದಕ್ಕೆ ಇನ್ನೂ ಕಾಲು ಮೀಟರ್ ಸೇರಿಸಿದ ಮೇಲೆ ಬಟ್ಟೆ ಕಮ್ಮಿ ಆಗಿಬಿಡ್ತಲ್ಲ?”

ಹುಡುಗಿ ಆ ಎರಡು ಪಾಲನ್ನೂ ಪಟ್ಟಿಯ ಅರ್ಧವನ್ನೂ ಹೋಲಿಸಿ ನೋಡಿ ಕಿಸಕ್ಕನೆ ನಕ್ಕಳು. ಆಮೇಲೆ ತಾನೇ ಪಟ್ಟಿ ಕಸಿದುಕೊಂಡು ನಾಲ್ಕಾಗಿ ಮಡಿಸಿದಳು. ಅರ್ಧದಲ್ಲಿ ಎರಡು ಕಾಲು ಕೂತಿವೆ, ಅದಕ್ಕೆ ಇನ್ನೊಂದು ಸೇರಿದರೆ ಮೂರು, ಎಂದು ಗುಣುಗುತ್ತ ಹೋಗಿ ನಾಲ್ಕರಲ್ಲಿ ಮೂರು ಎಂದು ಬರೆದಳು.

“ಮುಕ್ಕಾಲು,” ಎಂದು ಅರೆಕಾಲಮ್ಮ ಓದಿದಳು. ಬರೆದ ಭಿನ್ನರಾಶಿಯನ್ನು ಅವಳು ಹೆದರದೆ ಓದಿದ್ದು ಅದೇ ಮೊದಲು.

ಹೊರಡುವಾಗ ನಾಲ್ಕನೇ ತರಗತಿಯ ಗಣಿತದ ಪುಸ್ತಕವನ್ನು ಕೇಳಿ ಇಸಕೊಂಡಳು. ಮುಂದಿನ ವಾರವೆಲ್ಲ ಬಟ್ಟೆ ಕತ್ತರಿಸುವ ಮೇಜಿನ ತುಂಬ ಲೆಕ್ಕವೇ ಲೆಕ್ಕ. ಬಸ್ಸು ಓಡಿಸಿ ದಣಿದು ಬಂದ ಗಂಡ, ಈ ವಯಸ್ಸಲ್ಲಿ ಪರೀಕ್ಷೆಗೆ ಕೂರ್ತೀಯಾ ಎಂದು ಛೇಡಿಸಿದ. ಅವಳು ತಲೆಯೆತ್ತದೆ, ಎಂಟರಲ್ಲಿ ಐದು ದೊಡ್ಡದೋ ಎರಡರಲ್ಲಿ ಒಂದು ದೊಡ್ಡದೋ ಎಂದು ಕೇಳಿದಳು. ಅವನು ಕೈಕಾಲು ತೊಳೆಯುವ ನೆಪ ಮಾಡಿ ಜಾಗ ಖಾಲಿ ಮಾಡಿದ. ಪರದೆಗಳು ನಾಲ್ಕು ದಿನ ತಡವಾದವು. ಮುಖ್ಯೋಪಾಧ್ಯಾಯಿನಿ ಗೊಣಗಿದರೂ, ಪ್ರತಿ ಶನಿವಾರ ಒಂದು ಗಂಟೆ ಬಂದು ಮಕ್ಕಳಿಗೆ ಬಟ್ಟೆ ಮಡಿಸಿ ತೋರಿಸಬೇಕೆಂದು ಅವರೇ ಹೇಳಿಕಳಿಸಿದರು.

ಮೂರನೇ ಶನಿವಾರ ಅರೆಕಾಲಮ್ಮ ಒಂದು ತಕರಾರು ಹೊತ್ತು ಬಂದಳು. ಅಡಿಯ ಮೂರನೇ ಒಂದು ಪಾಲೆಂದರೆ ನಾಲ್ಕು ಇಂಚು, ಸರಿ. ಆದರೆ ಒಂದು ಇಂಚಿನ ಮೂರನೇ ಒಂದು ಪಾಲಿಗೆ ಟೇಪಿನಲ್ಲಿ ಗೆರೆಯೇ ಇಲ್ಲವಲ್ಲ, ಅದು ಎಲ್ಲಿ ಹೋಯಿತು? ಟೀಚರು ಎಂದೂ ಯೋಚಿಸಿರಲಿಲ್ಲ. ಇಬ್ಬರೂ ಕಿಟಕಿಯ ಬೆಳಕಿಗೆ ಟೇಪು ಹಿಡಿದು, ತಲೆಗೆ ತಲೆ ತಾಗುವಷ್ಟು ಬಗ್ಗಿ ಹುಡುಕತೊಡಗಿದರು. ಬಿಡುವಿನ ಗಂಟೆ ಹೊಡೆದದ್ದು ಅವರಿಗೆ ಕೇಳಿಸಲಿಲ್ಲ. ಮಕ್ಕಳಿಗೆ ಕೇಳಿಸಿತು, ಒಬ್ಬರ ಹಿಂದೊಬ್ಬರು ಸದ್ದಿಲ್ಲದೆ ಆಟಕ್ಕೆ ಜಾರಿಕೊಂಡರು.